ನಿಮಗೆ ಎಷ್ಟು ತೋರಿಸ್ತಿದೆ? ಬೇಡಿಕೆ ರೇಖೆ ಮತ್ತು ಒಬ್ಬೊಬ್ಬರಿಗೆ ಒಂದೊಂದು ಬೆಲೆ

ನಾನು ಮತ್ತು ನನ್ನ ಸ್ನೇಹಿತೆ ಅಕ್ಕಪಕ್ಕ ನಿಂತಿದ್ದೆವು. ಹೊರಡುವ ಜಾಗ ಒಂದೇ, ಸೇರುವ ಜಾಗ ಒಂದೇ, ಗಳಿಗೆ ಒಂದೇ, ಆ್ಯಪ್ ಕೂಡ ಒಂದೇ. ಆದರೂ ಅವಳ ಫೋನಿನಲ್ಲಿ ಬಂದ ಬಾಡಿಗೆಗಿಂತ ನನ್ನ ಫೋನಿನಲ್ಲಿ ಬಂದದ್ದು ಹೆಚ್ಚುಕಡಿಮೆ ಐದನೇ ಒಂದು ಭಾಗ ಜಾಸ್ತಿ ಇತ್ತು. ಅವಳ ಫೋನಿನಿಂದಲೇ ಗಾಡಿ ಕರೆದು ಹೋದೆವು. ಆ ದಿನ ಅದು ಅಲ್ಲಿಗೇ ಮುಗಿಯಿತು. ಆದರೆ ಆಮೇಲೆ ಒಬ್ಬಳೇ ಗಾಡಿ ಕರೆಯುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಒಂದೇ: ಈಗ ಪರದೆ ಮೇಲೆ ಕಾಣ್ತಿರೋದು ಪ್ರಯಾಣದ ಬೆಲೆಯಾ, ಅಥವಾ ನಾನು ಎಷ್ಟರ ತನಕ ಕೊಡಬಲ್ಲೆ ಅನ್ನೋ ಅಂದಾಜಾ?

ಹಾಗೆ ವ್ಯತ್ಯಾಸ ಬರೋಕೆ ರಿಯಾಯಿತಿ ಕೂಪನ್‌ನಿಂದ ಹಿಡಿದು ಹತ್ತಾರು ಕಾರಣ ಇರಬಹುದು. ಆದರೆ ನನ್ನ ಮಾಹಿತಿ ನೋಡಿ, ನಾನು ಎಷ್ಟು ಕೊಡಬಲ್ಲೆ ಅಂತ ಅಂದಾಜಿಸಿ ಬೆಲೆ ಇಡೋದೂ ಈಗ ಕಟ್ಟುಕಥೆ ಅಲ್ಲ. ಜಗತ್ತಿನ ಹಲವು ಕಡೆ ಇದಕ್ಕೆ ಕಾನೂನೇ ಬಂದಿದೆ. ಇದು ಯಾಕೆ ಇಷ್ಟು ದೊಡ್ಡ ವಿಷಯ ಅಂತ ಗೊತ್ತಾಗಬೇಕಾದರೆ ಅರ್ಥಶಾಸ್ತ್ರದ ಮೊದಲ ಪಾಠಕ್ಕೇ ಹೋಗಬೇಕು. ಅನುಭೋಗಿಯ, ಅಂದರೆ ಕೊಂಡು ಬಳಸುವವರ ಆಯ್ಕೆ, ಮತ್ತು ಬೇಡಿಕೆ. ಪರೀಕ್ಷೆಗೆ ಓದಿ ಬಿಟ್ಟುಬಿಡುವ ಅಧ್ಯಾಯ ಅಂತ ಹೆಚ್ಚಿನವರು ಅಂದುಕೊಳ್ತಾರೆ. ನನಗಂತೂ ಇವತ್ತಿನ ದಿನಕ್ಕೆ ಅದಕ್ಕಿಂತ ಕೆಲಸಕ್ಕೆ ಬರುವ ಅಧ್ಯಾಯ ಇನ್ನೊಂದಿಲ್ಲ ಅನಿಸುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಆಸೆ ಬೇರೆ, ಬೇಡಿಕೆ ಬೇರೆ. ನನಗೆ ಬೇಕು ಅನ್ನೋದು ಆಸೆ. ಇಷ್ಟು ಬೆಲೆ ಆದರೆ, ಇಷ್ಟು ಕಾಲದಲ್ಲಿ, ಇಷ್ಟು ಕೊಳ್ಳುತ್ತೇನೆ, ಕೊಳ್ಳೋಕೆ ಕೈಯಲ್ಲಿ ದುಡ್ಡೂ ಇದೆ ಅನ್ನೋದು ಬೇಡಿಕೆ. ಕೈಯಲ್ಲಿ ದುಡ್ಡು ಇಲ್ಲದವರ ಅಗತ್ಯ ಎಷ್ಟೇ ದೊಡ್ಡದಿರಲಿ, ಬೇಡಿಕೆ ರೇಖೆಯಲ್ಲಿ (ಯಾವ ಬೆಲೆಗೆ ಎಷ್ಟು ಕೊಳ್ಳುತ್ತಾರೆ ಅಂತ ತೋರಿಸುವ ಗೆರೆ) ಅದು ಕಾಣುವುದೇ ಇಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಒಂದು ಲೆಕ್ಕ. ಅಂಕಿಗಳು ಸುಮ್ನೆ ಉದಾಹರಣೆಗೆ, ಯಾವ ದೇಶದ ಹಣ ಅಂತ ಯೋಚಿಸೋದು ಬೇಡ. ಒಂದು ವಾರದಲ್ಲಿ ಒಬ್ಬಾಕೆಗೆ ಮೂರು ಸಲ ಗಾಡಿ ಕರೆಯಬೇಕು ಅನಿಸುತ್ತದೆ. ಮೊದಲನೆಯದು ಜೋರು ಮಳೆಯಲ್ಲಿ, ಕೈಯಲ್ಲಿ ಸಾಮಾನು, ಬೇರೆ ದಾರಿ ಇಲ್ಲ. ಅದಕ್ಕೆ ಅವಳು 300 ತನಕ ಕೊಟ್ಟಾಳು. ಎರಡನೆಯದು ಸಂಜೆ ಸ್ನೇಹಿತರನ್ನು ನೋಡಲು. ಬಸ್ಸಿದೆ, ಆದರೆ ತಡವಾಗುತ್ತದೆ. ಅದಕ್ಕೆ 180 ತನಕ. ಮೂರನೆಯದು ನಡೆದೇ ಹೋಗಬಹುದು, ಆವತ್ತು ಸುಸ್ತು ಅಷ್ಟೆ. ಅದಕ್ಕೆ 90. ಒಂದೇ ವಸ್ತು, ಒಬ್ಬಳೇ ಮನುಷ್ಯಳು, ಆದರೆ ಒಂದೊಂದು ಸಲಕ್ಕೂ ಅದರ ಬೆಲೆ ಅವಳ ಮನಸ್ಸಿನಲ್ಲಿ ಇಳಿಯುತ್ತಾ ಹೋಗುತ್ತದೆ. ಜಾಸ್ತಿ ಬೇಕಾದದ್ದಕ್ಕೆ ಮೊದಲು ಖರ್ಚು ಮಾಡುತ್ತೇವೆ, ಕಡಿಮೆ ಬೇಕಾದದ್ದಕ್ಕೆ ಆಮೇಲೆ. ಪಠ್ಯಪುಸ್ತಕ ಇದನ್ನೇ ಇಳಿಮುಖ ಸೀಮಾಂತ ತುಷ್ಟಿಗುಣ ಅಂತ ಕರೆಯುತ್ತದೆ. ಹೆಸರು ಕೇಳಿದರೆ ಹೆದರಿಕೆಯಾಗುತ್ತದೆ, ವಿಷಯ ಮಾತ್ರ ಎಲ್ಲರಿಗೂ ಗೊತ್ತಿರುವುದೇ. ಜರ್ಮನಿಯ ಗೋಸೆನ್ 1854ರಲ್ಲೇ ಇದನ್ನು ಬರೆದಿಟ್ಟಿದ್ದರು. ಆಗ ಯಾರೂ ತಲೆ ಹಾಕಲಿಲ್ಲ. 1870ರ ದಶಕದಲ್ಲಿ ಜೆವನ್ಸ್, ಮೆಂಗರ್, ವಾಲ್ರಾಸ್ ಮೂವರೂ ಬೇರೆ ಬೇರೆ ದೇಶಗಳಲ್ಲಿ ಕೂತು ಅದೇ ಜಾಗಕ್ಕೆ ಬಂದರು.

ಬೆಲೆ 100 ಇದ್ದರೆ ಅವಳು ಎರಡು ಸಲ ಹೋಗುತ್ತಾಳೆ. 80 ಆದರೆ ಮೂರು ಸಲ. 200 ಆದರೆ ಒಂದೇ ಸಲ. ಇದನ್ನು ಚಿತ್ರವಾಗಿ ಬರೆದರೆ ಎಡದಿಂದ ಬಲಕ್ಕೆ ಇಳಿಯುವ ಬೇಡಿಕೆ ರೇಖೆ ಸಿಗುತ್ತದೆ. ಮೂರು ಪ್ರಯಾಣದ ಜಾಗದಲ್ಲಿ ಮೂರು ಜನರನ್ನು ಇಟ್ಟರೂ ಅದೇ ಚಿತ್ರ.

ಈಗ ಗಮನಿಸಿ. ಬೆಲೆ 100 ಇದ್ದಾಗ ಮಳೆಯ ಪ್ರಯಾಣಕ್ಕೆ ಅವಳು ಕೊಟ್ಟದ್ದು 100, ಕೊಡಲು ತಯಾರಿದ್ದದ್ದು 300. ಉಳಿದ 200 ಅವಳದೇ. ಎರಡನೆಯದರಲ್ಲಿ 80 ಉಳಿಯಿತು. ಒಟ್ಟು 280. ಈ 280 ಯಾವ ರಸೀದಿಯಲ್ಲೂ ಇರುವುದಿಲ್ಲ, ಬ್ಯಾಂಕಿನಲ್ಲೂ ಕಾಣುವುದಿಲ್ಲ. ಆದರೆ ಕೊಂಡು ಮನೆಗೆ ಬಂದಾಗ ಪರವಾಗಿಲ್ಲ, ಒಳ್ಳೆಯದಾಯಿತು ಅನಿಸುತ್ತದಲ್ಲ, ಅದು ಇದೇ. ಗ್ರಾಹಕರ ಮಿಗುತಾಯ. 1844ರಲ್ಲಿ ಫ್ರಾನ್ಸಿನ ಎಂಜಿನಿಯರ್ ಜೂಲ್ಸ್ ಡುಪ್ಯುಯಿ, ಸೇತುವೆ ಮತ್ತು ರಸ್ತೆಗಳಿಂದ ಜನರಿಗೆ ನಿಜವಾಗಿ ಎಷ್ಟು ಲಾಭ ಅಂತ ಅಳೆಯಲು ಹೊರಟು ಈ ವಿಚಾರಕ್ಕೆ ಬಂದರು. ಸುಂಕದ ಕಟ್ಟೆಯಲ್ಲಿ ಬಿದ್ದ ದುಡ್ಡನ್ನು ಮಾತ್ರ ಎಣಿಸಿದರೆ ಸೇತುವೆಯ ಬೆಲೆ ತಿಳಿಯುವುದಿಲ್ಲ, ದಾಟಿದವರು ಇನ್ನೂ ಎಷ್ಟು ಕೊಡಲು ತಯಾರಿದ್ದರು ಅನ್ನೋದನ್ನೂ ಎಣಿಸಬೇಕು ಅನ್ನೋದು ಅವರ ವಾದ. 1890ರಲ್ಲಿ ಆಲ್ಫ್ರೆಡ್ ಮಾರ್ಷಲ್ ಅದನ್ನು ಪಠ್ಯದ ಒಳಗೆ ತಂದರು.

ಬಹಳ ಕಾಲ ಇದು ಕಪ್ಪುಹಲಗೆಯ ಮೇಲೆ ಬೇಡಿಕೆ ರೇಖೆಗೂ ಬೆಲೆಗೂ ನಡುವೆ ಬಿಡಿಸುವ ತ್ರಿಕೋನ ಮಾತ್ರ ಆಗಿತ್ತು. ನಿಜವಾಗಿ ಅಳೆಯೋದು ಕಷ್ಟ. ಯಾಕೆಂದರೆ ನೀವು 100 ಕೊಟ್ಟಿರಿ ಅನ್ನೋದು ಗೊತ್ತಾಗುತ್ತದೆ, 300 ಇದ್ದಿದ್ದರೆ ಕೊಡುತ್ತಿದ್ದಿರಾ ಅನ್ನೋದು ಗೊತ್ತಾಗುವುದಿಲ್ಲ. ಇದನ್ನು ಬದಲಾಯಿಸಿದ್ದು ದತ್ತಾಂಶ. ಅಮೆರಿಕದಲ್ಲಿ 2016ರಲ್ಲಿ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಮತ್ತು ಜೊತೆಯವರು ಊಬರ್‌ನ ಸುಮಾರು 5 ಕೋಟಿ ದಾಖಲೆಗಳನ್ನು ಇಟ್ಟುಕೊಂಡು ಒಂದು ಅಧ್ಯಯನ ಮಾಡಿದರು. ಅವರು ಹಿಡಿದ ದಾರಿ ನನಗೆ ಬಹಳ ಇಷ್ಟ. ಗಾಡಿ ಕಡಿಮೆ, ಜನ ಜಾಸ್ತಿ ಆದಾಗ ಆ ಕಂಪನಿಯ ಕಂಪ್ಯೂಟರ್ ಬಾಡಿಗೆಯನ್ನು ಎಷ್ಟು ಪಟ್ಟು ಮಾಡಬೇಕು ಅಂತ ದಶಮಾಂಶದಲ್ಲಿ ಲೆಕ್ಕ ಹಾಕುತ್ತಿತ್ತು. ಆದರೆ ಪ್ರಯಾಣಿಕರಿಗೆ ತೋರಿಸುವಾಗ ಅದನ್ನು ದುಂಡಗೆ ಮಾಡುತ್ತಿತ್ತು. ಒಳಗೆ 1.249 ಅಂತ ಬಂದರೆ ಹೊರಗೆ 1.2 ಪಟ್ಟು, 1.251 ಅಂತ ಬಂದರೆ 1.3 ಪಟ್ಟು. ಒಳಗಿನ ಪರಿಸ್ಥಿತಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಮಳೆ ಅಷ್ಟೇ, ಗಾಡಿ ಅಷ್ಟೇ, ಜನ ಅಷ್ಟೇ. ಬೆಲೆ ಮಾತ್ರ ಬೇರೆ. ಹಾಗಾದರೆ ಒಂದು ಕಡೆ ಬೇಡ ಅಂತ ಬಿಟ್ಟವರು ಜಾಸ್ತಿ ಇದ್ದರೆ ಅದಕ್ಕೆ ಬೆಲೆಯೇ ಕಾರಣ ಅಂತ ಧೈರ್ಯವಾಗಿ ಹೇಳಬಹುದು. ಹೀಗೆ ಒಂದೊಂದು ಮೆಟ್ಟಿಲಲ್ಲೂ ನೋಡುತ್ತಾ ಹೋಗಿ ಅವರು ಬೇಡಿಕೆ ರೇಖೆಯನ್ನೇ ಬಿಡಿಸಿದರು. ಪ್ರಯಾಣಿಕರು ಖರ್ಚು ಮಾಡಿದ ಒಂದೊಂದು ಡಾಲರಿಗೆ ಸುಮಾರು 1.60 ಡಾಲರಿನಷ್ಟು ಮಿಗುತಾಯ ಸಿಕ್ಕಿತ್ತು ಅನ್ನೋದು ಅವರ ಅಂದಾಜು. ನಾಲ್ಕು ನಗರಗಳಲ್ಲಿ, 2015ರ ಒಂದೇ ವರ್ಷಕ್ಕೆ, ಕಂಪನಿಯ ಒಂದೇ ಬಗೆಯ ಸೇವೆಯಲ್ಲಿ 290 ಕೋಟಿ ಡಾಲರ್.

ಈ ಅಂಕಿಯನ್ನು ಎರಡು ರೀತಿಯಲ್ಲಿ ಓದಬಹುದು. ಗ್ರಾಹಕರಿಗೆ ಇಷ್ಟು ಒಳ್ಳೆಯದಾಗಿದೆ ಅಂತ ಓದಬಹುದು. ಮಾರುವವರ ಕುರ್ಚಿಯಲ್ಲಿ ಕೂತು ನೋಡಿದರೆ, ಇಷ್ಟು ದುಡ್ಡು ಇನ್ನೂ ಗ್ರಾಹಕರ ಹತ್ತಿರವೇ ಉಳಿದಿದೆ ಅಂತ ಓದಬಹುದು.

ಇಲ್ಲಿ ಒಂದು ವ್ಯತ್ಯಾಸ ಸ್ಪಷ್ಟ ಮಾಡಿಕೊಳ್ಳಬೇಕು, ಯಾಕೆಂದರೆ ಸುದ್ದಿಗಳಲ್ಲಿ ಇದು ಸದಾ ಕಲಸಿಹೋಗುತ್ತದೆ. ಮಳೆ ಬಂದಾಗ ಎಲ್ಲರಿಗೂ ಬಾಡಿಗೆ ಏರುವುದು ಒಂದು. ನನಗೆ ಮಾತ್ರ ಏರುವುದು ಇನ್ನೊಂದು. ಮಳೆ ಬಂದಾಗ ಬೇಡಿಕೆ ರೇಖೆಯೇ ಬಲಕ್ಕೆ ಜರುಗುತ್ತದೆ. ಹಿಂದಿನ ಬೆಲೆಯಲ್ಲೇ ಈಗ ಜಾಸ್ತಿ ಜನಕ್ಕೆ ಗಾಡಿ ಬೇಕು. ಬೆಲೆ ಏರಿದಾಗ ಕೆಲವರು ಬಿಡುತ್ತಾರಲ್ಲ, ಅದು ಹೊಸ ರೇಖೆಯ ಮೇಲೆಯೇ ಮೇಲಕ್ಕೆ ಸರಿಯುವುದು, ರೇಖೆ ಜರುಗುವುದಲ್ಲ. 'ಬೆಲೆ ಏರಿತು, ಬೇಡಿಕೆ ಕುಸಿಯಿತು' ಅಂತ ಬರೆಯುವವರು ಈ ಎರಡನ್ನೂ ಒಂದೇ ಮಾಡಿಬಿಡುತ್ತಾರೆ. ಕುಸಿದದ್ದು ಕೊಳ್ಳುವ ಪ್ರಮಾಣ, ಬೇಡಿಕೆ ಅಲ್ಲಿಯೇ ಇದೆ. ಮಳೆಯ ಬೆಲೆ ಕಿರಿಕಿರಿ ಮಾಡಬಹುದು, ಆದರೆ ಅದು ಎಲ್ಲರಿಗೂ ಕಾಣುವ ಒಂದು ಬೆಲೆ. ಇನ್ನಷ್ಟು ಚಾಲಕರನ್ನು ರಸ್ತೆಗೆ ಕರೆಯುವ ಕೆಲಸವನ್ನೂ ಅದು ಮಾಡುತ್ತದೆ. ನನ್ನ ತಕರಾರು ಅದರ ಮೇಲೆ ಇಲ್ಲ.

ತಕರಾರು ಇರುವುದು ರೇಖೆಯ ಒಂದೊಂದು ಚುಕ್ಕಿಯನ್ನೂ ಬೇರೆ ಮಾಡಿ, ಆ ಚುಕ್ಕಿಯಲ್ಲಿ ನಿಂತವರಿಗೆ ಅವರ ಕೊನೆಯ ಮಿತಿಯ ಬೆಲೆಯನ್ನೇ ಹಾಕುವುದರ ಮೇಲೆ. ನಮ್ಮ ಲೆಕ್ಕಕ್ಕೆ ಮರಳಿ. ಆ್ಯಪ್‌ಗೆ ಅವಳ ಮನಸ್ಸು ಪೂರ್ತಿ ಗೊತ್ತು ಅಂತ ಇಟ್ಟುಕೊಳ್ಳೋಣ. ಮಳೆಯ ದಿನ 300 ಕೇಳುತ್ತದೆ. ಸಂಜೆ 180. ಸುಸ್ತಾದ ದಿನ 90. ಮೂರು ಸಲವೂ ಅವಳು ಒಪ್ಪುತ್ತಾಳೆ, ಮೂರು ಸಲವೂ ಅವಳಿಗೆ ಉಳಿಯುವುದು ಸೊನ್ನೆ. ಒಂದು ಪ್ರಯಾಣ ಒದಗಿಸಲು ಮಾರುವವರಿಗೆ 80 ಖರ್ಚು ಅಂದುಕೊಂಡರೆ, ಎಲ್ಲಕ್ಕೂ 100 ಅನ್ನೋ ಒಂದೇ ಬೆಲೆಯಲ್ಲಿ ಅವಳಿಗೆ 280, ಅವರಿಗೆ 40, ಒಟ್ಟು 320 ಲಾಭ ಹುಟ್ಟುತ್ತಿತ್ತು. ಈಗ ಒಟ್ಟು 330 ಹುಟ್ಟಿದೆ. ಯಾಕೆಂದರೆ ಮೊದಲು ಆಗದೇ ಇದ್ದ ಮೂರನೇ ಪ್ರಯಾಣವೂ ಈಗ ಆಯಿತು. ಒಟ್ಟು ದೊಡ್ಡದಾಗಿದೆ. ಅಷ್ಟೂ ಒಂದೇ ಕಡೆ ಹೋಗಿದೆ.

ದಕ್ಷತೆಯ ಅಳತೆಯಲ್ಲಿ, ಅಂದರೆ ಒಟ್ಟು ಎಷ್ಟು ಲಾಭ ಹುಟ್ಟಿತು ಅಂತ ಮಾತ್ರ ನೋಡುವ ಅರ್ಥಶಾಸ್ತ್ರಜ್ಞರು ಇದರಲ್ಲಿ ತಪ್ಪೇನಿಲ್ಲ ಅಂತ ಹೇಳಬಹುದು. ಅವರ ಲೆಕ್ಕ ಸರಿಯೇ ಇದೆ. ನಾನು ಒಪ್ಪದಿರುವುದು ಆ ಅಳತೆಯೊಂದೇ ಸಾಕು ಅನ್ನೋದನ್ನು.

ಯಾಕೆ ಅಂದರೆ, 'ಕೊಡಲು ತಯಾರಿರುವ ಬೆಲೆ' ಅನ್ನೋ ಮಾತಿನ ಒಳಗೆ ಎರಡು ಬೇರೆ ವಿಷಯ ಕೂತಿವೆ. ಒಂದು ಇಷ್ಟ. ಇನ್ನೊಂದು ಬೇರೆ ದಾರಿ ಇಲ್ಲದಿರುವುದು. ಬೇಡಿಕೆ ರೇಖೆಗೆ ಈ ಎರಡರ ವ್ಯತ್ಯಾಸ ಗೊತ್ತಿಲ್ಲ. ಮಳೆಯಲ್ಲಿ ನಿಂತವಳು 300 ಕೊಡಲು ತಯಾರು ಅಂದರೆ ಅವಳಿಗೆ ಆ ಗಾಡಿಯ ಮೇಲೆ ಅಷ್ಟು ಪ್ರೀತಿ ಅಂತ ಅರ್ಥ ಅಲ್ಲ. ಬೇರೆ ದಾರಿ ಇಲ್ಲ ಅಂತ ಅರ್ಥ. ಬೆಲೆ ಸ್ವಲ್ಪ ಏರಿದಾಗ ಎಷ್ಟು ಜನ ಬಿಟ್ಟು ಹೋಗುತ್ತಾರೆ ಅನ್ನೋದನ್ನು ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂತ ಕರೆಯುತ್ತಾರೆ. ಅದನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸುವುದು ಬದಲಿ ಇದೆಯೋ ಇಲ್ಲವೋ, ಮತ್ತು ಹುಡುಕಲು ಸಮಯ ಇದೆಯೋ ಇಲ್ಲವೋ ಅನ್ನೋದು. ಹಾಗಾಗಿ ಒಬ್ಬೊಬ್ಬರ ಬೆಲೆ ಲೆಕ್ಕ ಹಾಕುವ ಯಂತ್ರ ಹುಡುಕುವುದು ಶ್ರೀಮಂತರನ್ನೇ ಅಂತ ತಿಳಿಯಬೇಡಿ. ಬಿಟ್ಟು ಹೋಗಲಾರದವರನ್ನು ಅದು ಹುಡುಕುತ್ತದೆ. ಒಮ್ಮೊಮ್ಮೆ ಇಬ್ಬರೂ ಒಬ್ಬರೇ ಆಗಿರಬಹುದು. ಆದರೆ ಹೋಲಿಸಿ ನೋಡಲು ಬಿಡುವಿಲ್ಲದೆ ಎರಡು ಕಡೆ ದುಡಿಯುವವರು, ಹತ್ತಿರದಲ್ಲಿ ಬೇರೆ ಸೌಲಭ್ಯ ಇಲ್ಲದವರು, ತುರ್ತಿನಲ್ಲಿರುವವರು ಕೂಡ ಅದರ ಕಣ್ಣಿಗೆ ಒಳ್ಳೆಯ ಗಿರಾಕಿಗಳೇ.

ಎಲ್ಲರಿಗೂ ಒಂದೇ ಬೆಲೆ ಅನ್ನೋ ಪದ್ಧತಿ ಇಷ್ಟು ದಿನ ಇವರಿಗೆ ಸದ್ದಿಲ್ಲದೆ ಒಂದು ರಕ್ಷಣೆ ಕೊಟ್ಟಿತ್ತು. ಆರಾಮಾಗಿ ಹೋಲಿಸಿ ನೋಡಿ, ಜಾಸ್ತಿ ಆಯಿತು ಅಂತ ಎದ್ದು ಹೋಗುವ ಗ್ರಾಹಕರಿಗಾಗಿ ಮಾರುವವರು ಬೆಲೆ ತಗ್ಗಿಸಬೇಕಿತ್ತು. ತಗ್ಗಿಸಿದ ಬೆಲೆಯೇ ಎದ್ದು ಹೋಗಲಾರದವರಿಗೂ ಸಿಗುತ್ತಿತ್ತು. ಮೊದಲನೆಯವರ ಚೌಕಾಸಿಯ ಫಲ ಎರಡನೆಯವರಿಗೂ ಹಂಚಿಕೆಯಾಗುತ್ತಿತ್ತು. ಬೆಲೆಯನ್ನು ಒಬ್ಬೊಬ್ಬರಿಗೆ ಬೇರೆ ಮಾಡಿದ ಕೂಡಲೇ ಈ ಕೊಂಡಿ ಕಳಚುತ್ತದೆ.

ಇದರ ಜೊತೆಗೆ ಆದಾಯ ಪರಿಣಾಮ ಬೇರೆ. ಬೆಲೆ ಏರಿದಾಗ ಎರಡು ಕೆಲಸ ಆಗುತ್ತವೆ ಅಂತ 1915ರಲ್ಲಿ ಸ್ಲಟ್ಸ್ಕಿ, 1934ರಲ್ಲಿ ಹಿಕ್ಸ್ ಮತ್ತು ಆ್ಯಲನ್ ತೋರಿಸಿಕೊಟ್ಟರು. ಒಂದು, ಆ ವಸ್ತು ಬೇರೆಯದಕ್ಕಿಂತ ದುಬಾರಿಯಾದ್ದರಿಂದ ಬದಲಿಯ ಕಡೆ ತಿರುಗುತ್ತೇವೆ. ಎರಡು, ಅದೇ ಸಂಬಳಕ್ಕೆ ಈಗ ಒಟ್ಟಾರೆ ಕಡಿಮೆ ಸಿಗುವುದರಿಂದ ನಾವು ಅಷ್ಟರ ಮಟ್ಟಿಗೆ ಬಡವರಾಗುತ್ತೇವೆ. ಬದಲಿ ಇಲ್ಲದವರಿಗೆ ಮೊದಲನೆಯ ಬಾಗಿಲು ಮುಚ್ಚಿದೆ. ಉಳಿದದ್ದು ಬಡವರಾಗುವುದು ಮಾತ್ರ. ಮಳೆಯ ದಿನ ಜಾಸ್ತಿ ಕೊಟ್ಟ 200 ಆ ತಿಂಗಳ ಬೇರೆ ಯಾವುದೋ ಖರ್ಚಿನಿಂದ ಬರಬೇಕು.

ಇದೆಲ್ಲ ಹೊಸದಾ ಅಂದರೆ, ಆಸೆ ಹಳೆಯದು, ಸಾಧನ ಹೊಸದು. ಡುಪ್ಯುಯಿ 1849ರಲ್ಲಿ ರೈಲಿನ ಮೂರನೇ ದರ್ಜೆಯ ಬಗ್ಗೆ ಬರೆದಿದ್ದರು. ಆಗ ಕೆಲವು ಕಂಪನಿಗಳ ಮೂರನೇ ದರ್ಜೆಯ ಡಬ್ಬಿಗಳಿಗೆ ಮೇಲ್ಛಾವಣಿಯೇ ಇರಲಿಲ್ಲ. ಚಾವಣಿ ಹಾಕಲು ದುಡ್ಡಿಲ್ಲ ಅಂತಲ್ಲ, ಬಡವರಿಗೆ ನೋವು ಕೊಡಬೇಕು ಅಂತಲೂ ಅಲ್ಲ. ಎರಡನೇ ದರ್ಜೆಗೆ ದುಡ್ಡು ಕೊಡಬಲ್ಲವರು ಮೂರನೆಯದಕ್ಕೆ ಇಳಿಯದಿರಲಿ ಅಂತ. ಓದಿದಾಗ ಮೈ ಜುಂ ಅಂದಿತ್ತು. 1920ರಲ್ಲಿ ಪಿಗೂ ಬೆಲೆ ತಾರತಮ್ಯವನ್ನು ಮೂರು ಬಗೆಯಾಗಿ ವಿಂಗಡಿಸಿದರು. ಒಬ್ಬೊಬ್ಬರ ಕೊನೆಯ ಮಿತಿಯ ತನಕ ವಸೂಲಿ ಮಾಡುವುದು ಅದರಲ್ಲಿ ಮೊದಲನೆಯದು. ಆಗಿನ ಕಾಲಕ್ಕೆ ಅದು ಪುಸ್ತಕದ ಮಾತೇ ಆಗಿತ್ತು. ಇನ್ನೊಬ್ಬರ ಮನಸ್ಸಿನ ಮಿತಿ ಯಾರಿಗೆ ಗೊತ್ತಾಗಬೇಕು?

2000ರಲ್ಲಿ ಅಮೆಜಾನ್ ಡಿವಿಡಿಗಳನ್ನು ಬೇರೆ ಬೇರೆ ಗ್ರಾಹಕರಿಗೆ ಬೇರೆ ಬೇರೆ ಬೆಲೆಗೆ ತೋರಿಸಿ ಪರೀಕ್ಷೆ ಮಾಡಿತ್ತು. ಗ್ರಾಹಕರು ತಮ್ಮತಮ್ಮಲ್ಲೇ ಹೋಲಿಸಿಕೊಂಡು ಕಂಡುಹಿಡಿದು ಗಲಾಟೆ ಮಾಡಿದರು. ಬೆಲೆಗಳನ್ನು ಸುಮ್ನೆ ಯಾದೃಚ್ಛಿಕವಾಗಿ ಬದಲಿಸಿದ್ದೆವು, ಯಾರ ಮಾಹಿತಿಯನ್ನೂ ಬಳಸಿಲ್ಲ ಅಂತ ಕಂಪನಿ ಹೇಳಿತು. ಜಾಸ್ತಿ ಕೊಟ್ಟ 6,896 ಗ್ರಾಹಕರಿಗೆ ಸರಾಸರಿ 3.10 ಡಾಲರ್ ವಾಪಸ್ ಕೊಟ್ಟಿತು. ಕಾಲು ಶತಮಾನದ ನಂತರ, 2025ರ ಜನವರಿಯಲ್ಲಿ, ಗ್ರಾಹಕರ ಹಿತ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಇಂಥ ಬೆಲೆಗಳ ಬಗೆಗಿನ ತನ್ನ ವಿಚಾರಣೆಯ ಮೊದಲ ಅಂಶಗಳನ್ನು ಹೊರಗಿಟ್ಟಿತು. ನಾವು ಇರುವ ಜಾಗ, ಏನೇನು ಹುಡುಕಿದೆವು, ಪುಟದ ಮೇಲೆ ಮೌಸ್ ಹೇಗೆ ಓಡಾಡಿತು ಅನ್ನೋದರ ತನಕ ಬೆಲೆ ನಿರ್ಧರಿಸಲು ಬಳಸಬಹುದಾದ ಮಾಹಿತಿ ಸಂಗ್ರಹವಾಗುತ್ತಿದೆ ಅಂತ ಅದರಲ್ಲಿತ್ತು.

ಇನ್ನೊಂದು ಬದಿಯನ್ನೂ ಹೇಳಬೇಕು. ಡ್ಯೂಬೆ ಮತ್ತು ಮಿಶ್ರಾ ಅನ್ನೋ ಸಂಶೋಧಕರು ಅಮೆರಿಕದ ಒಂದು ಉದ್ಯೋಗ ಜಾಹೀರಾತು ಕಂಪನಿಯ ಜೊತೆ ನಿಜವಾದ ಗ್ರಾಹಕರ ಮೇಲೆಯೇ ಪ್ರಯೋಗ ಮಾಡಿದರು. 2023ರಲ್ಲಿ ಅದು ಪ್ರಕಟವಾಯಿತು. ಎಲ್ಲರಿಗೂ ಒಂದೇ ಅಂತ ಲೆಕ್ಕ ಹಾಕಿ ಇಟ್ಟ ಅತಿ ಲಾಭದ ಬೆಲೆಗಿಂತ, ಒಬ್ಬೊಬ್ಬರಿಗೆ ಒಂದೊಂದು ಬೆಲೆ ಇಟ್ಟಾಗ ಲಾಭ 19 ಶೇಕಡಾ ಜಾಸ್ತಿ. ಗ್ರಾಹಕರ ಒಟ್ಟು ಮಿಗುತಾಯ ಕಡಿಮೆ. ಆದರೆ 60 ಶೇಕಡಾಕ್ಕೂ ಹೆಚ್ಚು ಗ್ರಾಹಕರಿಗೆ ಬೆಲೆ ಇಳಿದಿತ್ತು. ಅಂದರೆ ಬಹಳ ಜನಕ್ಕೆ ಸ್ವಲ್ಪ ಸ್ವಲ್ಪ ಲಾಭ, ಕೆಲವರಿಗೆ ದೊಡ್ಡ ಪೆಟ್ಟು. ವಿದ್ಯಾರ್ಥಿಗಳಿಗೆ, ವಯಸ್ಸಾದವರಿಗೆ ರಿಯಾಯಿತಿ ಕೊಡೋದು ಕೂಡ ಬೆಲೆ ತಾರತಮ್ಯವೇ, ಅದನ್ನು ನಾವೆಲ್ಲ ಒಪ್ಪಿಕೊಂಡಿದ್ದೇವೆ. ಹಾಗಾಗಿ ಬೇರೆ ಬೇರೆ ಬೆಲೆ ಅಂದ ಕೂಡಲೇ ಅನ್ಯಾಯ ಅಂತ ಕೂಗುವುದು ಸರಿಯಲ್ಲ. ಆದರೆ ವಿದ್ಯಾರ್ಥಿ ರಿಯಾಯಿತಿಯ ನಿಯಮ ಬಾಗಿಲ ಮೇಲೆ ಬರೆದಿರುತ್ತದೆ. ಯಾರಿಗೆ, ಎಷ್ಟು, ಯಾಕೆ ಅಂತ ಎಲ್ಲರಿಗೂ ಗೊತ್ತು. ನನ್ನ ಫೋನಿನ ಬೆಲೆಯ ನಿಯಮ ಎಲ್ಲಿ ಬರೆದಿದೆ?

ಮತ್ತೆ, ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹತ್ತಿಸಿರುವುದು ಇದಕ್ಕಿಂತ ಆಳದ ಒಂದು ವಿಷಯ. ಅನುಭೋಗಿಯ ಆಯ್ಕೆಯ ಇಡೀ ಪಾಠ ಒಂದು ಊಹೆಯ ಮೇಲೆ ನಿಂತಿದೆ. ಬೆಲೆ ಹೊರಗಿನಿಂದ ಬಂದದ್ದು, ನಾನು ಏನೇ ಆರಿಸಿದರೂ ಅದು ಬದಲಾಗುವುದಿಲ್ಲ ಅನ್ನೋದು. ಅದಕ್ಕೇ ಬಜೆಟ್ ರೇಖೆಯನ್ನು (ಕೈಯಲ್ಲಿರುವ ದುಡ್ಡಿಗೆ ಏನೇನು ಎಷ್ಟೆಷ್ಟು ಸಿಗುತ್ತದೆ ಅಂತ ತೋರಿಸುವ ಗೆರೆ) ನೆಟ್ಟಗೆ ಎಳೆಯಲು ಆಗುತ್ತದೆ. ಆ ರೇಖೆಯೊಳಗೆ ನನಗೆ ಹೆಚ್ಚು ತೃಪ್ತಿ ಕೊಡುವ ಜಾಗವನ್ನು ನಾನು ಹುಡುಕಿಕೊಳ್ಳುತ್ತೇನೆ. 1938ರಲ್ಲಿ ಪಾಲ್ ಸ್ಯಾಮ್ಯುಯೆಲ್ಸನ್ ಹೇಳಿದ್ದು ಇದರ ಮೇಲೆಯೇ: ಮನಸ್ಸಿನೊಳಗೆ ಇಣುಕಬೇಕಿಲ್ಲ, ಜನ ಏನು ಆರಿಸುತ್ತಾರೆ ಅಂತ ನೋಡಿದರೆ ಸಾಕು, ಅವರ ಒಲವು ಅಲ್ಲೇ ಬಯಲಾಗುತ್ತದೆ.

ಈಗ ಆ ಬಯಲಾದ ಒಲವನ್ನು ಓದುತ್ತಿರುವವರು ಮಾರುವವರು. ಇವತ್ತು ನಾನು ಜಾಸ್ತಿ ಬೆಲೆಗೆ ಒಪ್ಪಿಕೊಂಡರೆ ನಾಳೆಯ ಬೆಲೆಗೆ ಅದೇ ಸಾಕ್ಷಿ. ಹಾಗಾದಾಗ ನಾನು ನನಗೆ ಬೇಕಾದದ್ದನ್ನು ನೇರವಾಗಿ ಆರಿಸುವುದಿಲ್ಲ. ಬುಟ್ಟಿಗೆ ಹಾಕಿ ಎರಡು ದಿನ ಬಿಡುತ್ತೇನೆ. ಬೇಕಾದರೂ ಬೇಡದವಳಂತೆ ಪುಟ ಮುಚ್ಚುತ್ತೇನೆ. ಬೇರೆ ಖಾತೆಯಿಂದ ನೋಡುತ್ತೇನೆ. ಹೀಗೆ ಎಲ್ಲರೂ ಮುಖ ಮುಚ್ಚಿಕೊಂಡು ಕೊಳ್ಳಲು ಶುರು ಮಾಡಿದರೆ ಬೇಡಿಕೆ ರೇಖೆ ತೋರಿಸುತ್ತಿದ್ದ ಸತ್ಯವೇ ಮಸುಕಾಗುತ್ತದೆ. ಇಷ್ಟೆಲ್ಲ ಮಾಡಲು ಸಮಯ ಮತ್ತು ತಿಳಿವಳಿಕೆ ಇರುವವರು ಹೇಗೋ ತಪ್ಪಿಸಿಕೊಳ್ಳುತ್ತಾರೆ. ಸಿಕ್ಕಿಬೀಳುವವರು ಮತ್ತೆ ಅದೇ ಮಳೆಯಲ್ಲಿ ನಿಂತವರು.

ಹಲವು ಕಾನೂನುಗಳು ಗ್ರಾಹಕರಿಗೆ ತಿಳಿಸುವುದರ ತನಕ ಮಾತ್ರ ಬಂದಿವೆ. ಯುರೋಪಿಯನ್ ಒಕ್ಕೂಟದಲ್ಲಿ 2022ರ ಮೇ 28ರಿಂದ, ಯಂತ್ರವೇ ಲೆಕ್ಕ ಹಾಕಿ ವ್ಯಕ್ತಿಗೆ ತಕ್ಕ ಬೆಲೆ ಇಟ್ಟಿದ್ದರೆ ಅದನ್ನು ಗ್ರಾಹಕರಿಗೆ ಹೇಳಲೇಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ 2025ರಿಂದ, ಈ ಬೆಲೆಯನ್ನು ನಿಮ್ಮ ವೈಯಕ್ತಿಕ ಮಾಹಿತಿ ಬಳಸಿ ಆಲ್ಗಾರಿದಮ್ ನಿಗದಿ ಮಾಡಿದೆ ಅಂತ ಬೆಲೆಯ ಪಕ್ಕದಲ್ಲೇ ಬರೆಯಬೇಕು. ಒಳ್ಳೆಯ ಹೆಜ್ಜೆ, ಆದರೆ ಅರ್ಧ ಹೆಜ್ಜೆ. ಆ ಸಾಲು ಓದಿದವರಿಗೆ ತಮ್ಮ ಬೆಲೆ ಏರಿದೆಯೋ ಇಳಿದಿದೆಯೋ ಗೊತ್ತಾಗುವುದಿಲ್ಲ. ಗ್ರಾಹಕರಿಗೆ ಕೆಲಸಕ್ಕೆ ಬರುವುದು ಇನ್ನೊಂದು ಅಂಕಿ: ಇದೇ ಪ್ರಯಾಣಕ್ಕೆ, ಇದೇ ಹೊತ್ತಿನಲ್ಲಿ, ಉಳಿದವರಿಗೆ ಸಾಮಾನ್ಯವಾಗಿ ಎಷ್ಟು ತೋರಿಸಲಾಗಿದೆ ಅನ್ನೋದು. ಲೆಕ್ಕ ಹಾಕಿದ ಯಂತ್ರದ ಹತ್ತಿರ ಆ ಅಂಕಿ ಇದ್ದೇ ಇರುತ್ತದೆ. ಅದನ್ನೂ ಪಕ್ಕದಲ್ಲಿ ತೋರಿಸಲೇಬೇಕು ಅಂತ ಕಾನೂನು ಹೇಳಬೇಕು ಅನ್ನೋದು ನನ್ನ ಬಲವಾದ ಅಭಿಪ್ರಾಯ. ಆವತ್ತು ನನ್ನ ಹತ್ತಿರ ಆ ಅಂಕಿ ಇತ್ತು, ಸ್ನೇಹಿತೆ ಪಕ್ಕದಲ್ಲೇ ನಿಂತಿದ್ದಳು, ಅವಳ ಫೋನ್ ಕೈಯಲ್ಲಿತ್ತು.